ಗಾಳಿಗೊಂದು ಬಾಗಿಲು

ಪ್ರತಿ ವರ್ಷ ನವೆಂಬರ್ ಒಂದರ ಬೆಳಿಗ್ಗೆ, ಕಾಫಿ ಕುಡಿದಾದ ಮೇಲೆ, ನಾನು ಒಂದು ಚರ್ಮದ ಬಿಲ್ಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಬಿಲ್ಲೆ ಎಂದೆನಾದರೂ ಅದರ ಆಕಾರ ಪುಟ್ಟ ಬಟ್ಟಲಿನದು. ಸೈಕಲ್ ಪಂಪಿನ ಹೊಟ್ಟೆಯೊಳಗೆ ಸರಳಿನ ತುದಿಗೆ ಕೂತು ಗಾಳಿಯನ್ನು ನೂಕುತ್ತದಲ್ಲ, ಆ ವಾಷರು. ನಮ್ಮ ಮನೆಯಲ್ಲಿ ಈಗ ಸೈಕಲ್ಲೂ ಇಲ್ಲ, ಪಂಪೂ ಇಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಇದನ್ನು ಗದಗ ಸೀಮೆಯ ಯಾವುದೋ ಆಚರಣೆ ಎಂದು ತಿಳಿದು, ಮರುವರ್ಷ ತಾನೇ ತಟ್ಟೆಯಲ್ಲಿ ಅರಿಸಿನ ಕುಂಕುಮ ಇಟ್ಟುಕೊಂಡು ಬಂದು ನಿಂತಿದ್ದ. ನಾನು ನಕ್ಕು ನಕ್ಕು ಎಣ್ಣೆ ಚೆಲ್ಲಿದೆ. ಅವನಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ, ಆದರೆ ಅವನಿಗಿದ್ದಷ್ಟು ತಾಳ್ಮೆ ನಿಮಗೂ ಇರಬೇಕು.

ತೊಂಬತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಹೊಸ ತಿಪ್ಪಸಂದ್ರದಲ್ಲಿ, ಮಾರ್ಕೆಟ್ ರಸ್ತೆಯಿಂದ ಎರಡು ತಿರುವು ಒಳಗೆ. ಅಪ್ಪ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಗದಗಿನ ಕಡೆಯಿಂದ ಬಂದು ಇಪ್ಪತ್ತು ವರ್ಷವಾಗಿದ್ದರೂ ಅವರ ಮಾತಿಗೆ ಬೆಂಗಳೂರಿನ ನೀರು ತಾಗಿರಲಿಲ್ಲ. ಅವರ ಕೆಲಸ ನಟ್ಟು ಬಿಗಿಯುವುದು, ಬಿಗಿದ ನಟ್ಟಿಗೆ ಸಣ್ಣ ತಂತಿ ಸುತ್ತಿ ಲಾಕ್ ಮಾಡುವುದು, ಲಾಕ್ ಮಾಡಿದ್ದನ್ನು ಇನ್ನೊಮ್ಮೆ ಎಳೆದು ನೋಡುವುದು. ಮೇಲೆ ಹಾರುವಾಗ ಒಂದು ನಟ್ಟು ಸಡಿಲವಾದರೆ ಏನಾಗುತ್ತದೆ ಎಂಬುದನ್ನು ಅವರು ಊಟಕ್ಕೆ ಕೂತಾಗಲೂ ವಿವರಿಸಬಲ್ಲವರಾಗಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಯಾವುದೂ ಸಡಿಲವಿರಲಿಲ್ಲ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲು ಅವ್ವ ಪಕ್ಕದ ಮನೆಯವರನ್ನು ಕರೆಯಬೇಕಾಗಿತ್ತು. ನನ್ನ ಜಡೆಯನ್ನು ಅವರು ಒಂದೇ ಒಂದು ಸಲ ಹೆಣೆದದ್ದು. ಸಂಜೆ ರಿಬ್ಬನ್ನನ್ನು ಕತ್ತರಿಸಿ ತೆಗೆಯಬೇಕಾಯಿತು.

ಇಂಥ ಮನುಷ್ಯನ ಕೈಗೆ ನಮ್ಮ ಬೀದಿಯ ಕನ್ನಡ ಸಂಘದವರು ರಾಜ್ಯೋತ್ಸವದ ಬಾವುಟ ಕಟ್ಟುವ ಕೆಲಸ ಕೊಟ್ಟಿದ್ದರು. ನಿಮಗೆ ಗೊತ್ತಿರುವಂತೆ ಬಾವುಟವನ್ನು ಸುಮ್ಮನೆ ಏರಿಸುವುದಿಲ್ಲ. ಅದನ್ನು ಮಡಚಿ, ಒಳಗೆ ಹೂವಿನ ದಳ ತುಂಬಿ, ಪೊಟ್ಟಣದಂತೆ ಕಟ್ಟಿ ಮೊದಲೇ ಕಂಬದ ತುದಿಗೆ ಕಳಿಸಿರುತ್ತಾರೆ. ಮುಖ್ಯ ಅತಿಥಿಗಳು ಬಂದು ಹಗ್ಗಕ್ಕೆ ಕೈ ಹಚ್ಚಿದಾಗ ಕಟ್ಟಿದವರು ಒಂದು ಜಗ್ಗು ಜಗ್ಗಿದರೆ ಗಂಟು ಬಿಚ್ಚಿ, ಹೂವು ಉದುರಿ, ಬಾವುಟ ಅರಳಬೇಕು. ಅಂದರೆ ಆ ಗಂಟಿನ ಗುಣವೇ ಬಿಚ್ಚಿಕೊಳ್ಳುವುದು. ಅಪ್ಪನಿಗೆ ಅದೊಂದೇ ಬರುತ್ತಿರಲಿಲ್ಲ. ಮೂರು ವರ್ಷ ಸತತವಾಗಿ ಬಾವುಟ ಕಂಬದ ತುದಿಯಲ್ಲಿ ಪೊಟ್ಟಣವಾಗಿಯೇ ಉಳಿಯಿತು. ಮೂರು ವರ್ಷವೂ ಜನ ಕತ್ತೆತ್ತಿ ನಿಂತರು, ಅಪ್ಪ ಜಗ್ಗಿದರು, ಅತಿಥಿಗಳು ಜಗ್ಗಿದರು, ಕೊನೆಗೆ ಪೇಂಟರ್ ಒಬ್ಬನ ಏಣಿ ಬಂತು.

ಮೂರನೆಯ ವರ್ಷದ ಅನುಭವದ ನಂತರ, ನಾಲ್ಕನೆಯ ಅಕ್ಟೋಬರಿನಲ್ಲಿ, ಸಂಘದ ಸಭೆ ನಮ್ಮ ಮನೆಯ ಜಗಲಿಯಲ್ಲೇ ನಡೆಯಿತು. ಅಧ್ಯಕ್ಷರು ಒಗ್ಗರಣೆ ಅವಲಕ್ಕಿ ಮುಗಿಸಿ, ಕೈ ಒರೆಸಿಕೊಂಡು, ಬಹಳ ಮೆದುವಾಗಿ ಹೇಳಿದರು: "ಈ ಸಲ ಒಂದು ನೋಡ್ಬಿಡೋಣ ರೀ. ಮತ್ತೆ ಸಿಕ್ಕಾಕ್ಕೊಂಡ್ರೆ ಮುಂದಿನ ವರ್ಷದಿಂದ ಹಗ್ಗ ಬೇರೆಯವ್ರಿಗೆ ಕೊಟ್ಬಿಡೋಣ. ಬೇಜಾರ್ ಮಾಡ್ಕೋಬೇಡಿ."

ಅಪ್ಪ "ಆತು" ಎಂದಷ್ಟೇ ಅಂದು, ಒಳಗೆ ಬಂದು ತಮ್ಮ ಕಾಫಿ ಲೋಟವನ್ನು ತಾವೇ ತೊಳೆದಿಟ್ಟರು. ನಾನು ಹುಟ್ಟಿದಾಗಿನಿಂದ ಅವರು ಲೋಟ ತೊಳೆದದ್ದನ್ನು ನೋಡಿರಲಿಲ್ಲ. ಆ ಹಗ್ಗ ಬಿಟ್ಟರೆ ಈ ಊರಿನಲ್ಲಿ ಅವರಿಗೆ ಬೇರೆ ಹುದ್ದೆ ಇರಲಿಲ್ಲ. ನನಗೆ ತುಂಬ ಸಂಕಟವಾಯಿತು.

"ಈ ಸಲ ಒಂಚೂರು ಸಡಿಲ ಕಟ್ಟರಿ," ಎಂದು ಅವ್ವ ಬಾಗಿಲ ಮರೆಯಿಂದ ಹೇಳಿದಳು.

"ಸಡಿಲ ಕಟ್ಟೂದಾದ್ರ ಕಟ್ಟೂದರ ಯಾಕ?" ಎಂದರು ಅಪ್ಪ. ಅವರ ದೃಷ್ಟಿಯಲ್ಲಿ ಅಲ್ಲಿಗೆ ಚರ್ಚೆ ಮುಗಿಯಿತು.

ನಾನಾಗ ಮೆಕ್ಯಾನಿಕಲ್ ಡಿಪ್ಲೊಮಾದ ಎರಡನೆಯ ವರ್ಷದಲ್ಲಿದ್ದೆ. ತರಗತಿ ತುಂಬ ಹುಡುಗರು, ನಡುವೆ ಇಬ್ಬರೇ ಹುಡುಗಿಯರು. ಇನ್ನೊಬ್ಬಳು ಹಲಸೂರಿನ ಸೆಲ್ವಿ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ವರ್ಕ್‌ಶಾಪಿನಲ್ಲಿ ಬೈಗುಳ, ಹೀಗೆ ಮೂರು ಭಾಷೆ ಅವಳಿಗೆ ಸರಾಗವಾಗಿದ್ದವು. ನಾನು ಅಪ್ಪನ ವಿಷಯ ಹೇಳಿದ್ದೇ ತಡ ಅವಳು ಅರ್ಧ ತಿಂದ ಬನ್ನನ್ನು ಕೆಳಗಿಟ್ಟಳು.

"ಬಾವುಟ ಬಿಚ್ಚೋದು ಬಿಡೇ ಗಿರಿಜಾ. ಜನಕ್ಕೆ ಬೇಕಾಗಿರೋದು ಹೂವು. ಹೂವು ನಾವು ಬೀಳಿಸ್ತೀವಿ."

"ಎಲ್ಲಿಂದ?"

"ಕೆಳಗಿಂದ ಮೇಲಕ್ಕೆ. ಗಾಳೀಲಿ."

ಯೋಜನೆ ಸರಳವಾಗಿತ್ತು. ಕಂಬದ ಪಕ್ಕದಲ್ಲೇ ದಿನಸಿ ಅಂಗಡಿ, ಅದಕ್ಕೊಂದು ತಾರಸಿ. ಅಲ್ಲಿ ಒಂದು ಕೊಳವೆಯಲ್ಲಿ ಹೂವಿನ ದಳ ತುಂಬಿಟ್ಟು, ಹಿಂದೆ ಒಂದು ಟ್ಯಾಂಕಿನಲ್ಲಿ ಗಾಳಿ ಒತ್ತಿಟ್ಟು, ಅಪ್ಪ ಹಗ್ಗ ಜಗ್ಗುವ ಹೊತ್ತಿಗೆ ಸರಿಯಾಗಿ ಗಾಳಿ ಬಿಟ್ಟರೆ ದಳಗಳು ಕಂಬದ ಮೇಲಿನಿಂದ ಹಾರಿ ಜನರ ತಲೆಯ ಮೇಲೆ ಸುರಿಯುತ್ತವೆ. ಆ ಸಂಭ್ರಮದಲ್ಲಿ ಗಂಟಿನ ಕಡೆ ಯಾರು ನೋಡುತ್ತಾರೆ? ಚಪ್ಪಾಳೆಯ ನಡುವೆ ಏಣಿ ತಂದರಾಯಿತು. ಇಬ್ಬರು ಭಾವೀ ಇಂಜಿನಿಯರುಗಳಿಗೆ ಇದರಲ್ಲಿ ಒಂದು ದೋಷವೂ ಕಾಣಲಿಲ್ಲ.

ಟ್ಯಾಂಕು ಹುಡುಕಿಕೊಂಡು ಶಿವಾಜಿನಗರಕ್ಕೆ ಹೋದೆವು. ರಸೆಲ್ ಮಾರ್ಕೆಟ್ಟಿನ ಹಿಂದೆ, ಬಿರಿಯಾನಿಯ ಘಮ ಮುಗಿದು ಗ್ರೀಸಿನ ಘಮ ಶುರುವಾಗುವ ಜಾಗದಲ್ಲಿ, ಖಾದರ್ ಭಾಯ್ ಎಂಬವರ ಗುಜರಿ ಅಂಗಡಿ. ಹಳೆಯ ಲಾರಿ ಬಸ್ಸುಗಳ ಕರುಳುಗಳೆಲ್ಲ ಅಲ್ಲಿ ನೇತಾಡುತ್ತಿದ್ದವು. ಬೆಂಕಿ ಆರಿಸುವ ಸಿಲಿಂಡರಿನ ಗಟ್ಟಿಮುಟ್ಟಾದ ಕಬ್ಬಿಣದ ಕೋಶವೊಂದನ್ನು ಆರಿಸಿಕೊಂಡೆವು. ಅವರು ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದರು.

"ಕ್ಯಾ ಕರ್ತೇ ಅಮ್ಮಾ ಇಸ್ಕು? ಅಡುಗೆ ಮಾಡೋಕಾ?"

"ಹೂವು ಹಾರಿಸೋಕೆ," ಎಂದಳು ಸೆಲ್ವಿ.

ಖಾದರ್ ಭಾಯ್ ಐವತ್ತು ವರ್ಷದ ವ್ಯಾಪಾರದಲ್ಲಿ ಇದಕ್ಕಿಂತ ವಿಚಿತ್ರವಾದದ್ದನ್ನೂ ಕೇಳಿದ್ದರೆಂದು ಕಾಣುತ್ತದೆ. ತಲೆ ಆಡಿಸಿ ಸಿಲಿಂಡರನ್ನು ಗೋಣಿಚೀಲದಲ್ಲಿ ಸುತ್ತಿಕೊಟ್ಟರು.

ನಮ್ಮ ಪ್ರಯೋಗಶಾಲೆ ಸೆಲ್ವಿಯ ಮನೆಯ ತಾರಸಿ. ಅಲ್ಲಿ ಅವಳ ಪಾಟಿ, ಅಂದರೆ ಅಜ್ಜಿ, ಸಂಡಿಗೆ ಒಣಹಾಕಿಕೊಂಡು ಕಾಗೆಗಳ ಜೊತೆ ವೈರ ಸಾಧಿಸುತ್ತಿದ್ದಳು. ದಿನಾ ಹೂವು ತರಲು ಆಗುವುದಿಲ್ಲವೆಂದು ನಾನು ಮನೆಯಿಂದ ಚುರುಮುರಿ ತಂದೆ. ನೀವು ಅದನ್ನು ಮಂಡಕ್ಕಿ ಎನ್ನಬಹುದು, ಪುರಿ ಎನ್ನಬಹುದು; ನಮ್ಮ ಮನೆಯಲ್ಲಿ ಅದರ ಡಬ್ಬಿ ಖಾಲಿಯಾದದ್ದೇ ಇಲ್ಲ. ತೂಕದಲ್ಲಿ ದಳಕ್ಕೂ ಚುರುಮುರಿಗೂ ಅಂಥ ವ್ಯತ್ಯಾಸವಿಲ್ಲ ಎಂಬುದು ನಮ್ಮ ಲೆಕ್ಕಾಚಾರವಾಗಿತ್ತು. ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ.

ಮೊದಲು ಟ್ಯಾಂಕಿಗೂ ಕೊಳವೆಗೂ ನಡುವೆ ಒಂದು ನಲ್ಲಿ ಜೋಡಿಸಿದೆವು, ಬಚ್ಚಲಮನೆಯಲ್ಲಿರುವಂಥದೇ ತಿರುಗಿಸುವ ನಲ್ಲಿ. ಸೆಲ್ವಿಯ ಮನೆಯ ಪಂಪಿನಿಂದ ಬೆವರು ಸುರಿಯುವ ತನಕ ಗಾಳಿ ಹೊಡೆದು ನಲ್ಲಿ ತಿರುಗಿಸಿದರೆ, ಗಾಳಿ ಒಂದು ದೊಡ್ಡ ನಿಟ್ಟುಸಿರು ಬಿಟ್ಟು ಹೊರಟುಹೋಯಿತು. ಹತ್ತು ಹನ್ನೆರಡು ಚುರುಮುರಿ ಕೊಳವೆಯ ಬಾಯಿಗೆ ಬಂದು, ಹೊರಗೆ ಇಣುಕಿ, ಅಲ್ಲೇ ಬಿದ್ದವು. ಒಂದು ಕಾಗೆ ಬಂದು ತಿಂದಿತು.

ಎರಡನೆಯದು ಹಿಡಿ ಇರುವ ನಲ್ಲಿ. ಹಿಡಿಯನ್ನು ಫಟ್ಟನೆ ಎಳೆದರೆ ಒಳಗಿನ ಗೋಲಿ ಕಾಲು ಸುತ್ತು ತಿರುಗಿ ದಾರಿ ತೆರೆಯುತ್ತದೆ. ಸೆಲ್ವಿ ಫಟ್ಟನೆ ಎಳೆದಳು. ಹಿಡಿಯ ಜೊತೆ ಟ್ಯಾಂಕೂ ತಿರುಗಿತು, ಕೊಳವೆಯೂ ತಿರುಗಿತು, ಚುರುಮುರಿಯೆಲ್ಲ ಅಡ್ಡಡ್ಡವಾಗಿ ಹೋಗಿ ಪಾಟಿಯ ಹಸಿ ಸಂಡಿಗೆಯ ಮೇಲೆ ಒತ್ತಾಗಿ ಅಂಟಿಕೊಂಡಿತು. ಪಾಟಿ ಬಗ್ಗಿ, ಒಂದು ಸಂಡಿಗೆಯನ್ನು ಎತ್ತಿ ಬಿಸಿಲಿಗೆ ಹಿಡಿದು, "ಎನ್ನಡೀ ಇದು?" ಎಂದಳು. ಆ ವರ್ಷ ಅವರ ಮನೆಯಲ್ಲಿ ಚುರುಮುರಿ ಸಂಡಿಗೆ ಕರಿದರು, ಚೆನ್ನಾಗಿಯೂ ಇತ್ತು ಎಂದು ನನ್ನ ನೆನಪು. ನಾವಂತೂ ನೀರಿನ ತೊಟ್ಟಿಯ ಹಿಂದೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಷ್ಟು ನಕ್ಕೆವೆಂದರೆ ಪಾಟಿಗೂ ನಗು ಬಂದು ಬೈಯುವುದು ಮರೆತುಹೋಯಿತು.

ಮತ್ತೆ ಖಾದರ್ ಭಾಯ್ ಅಂಗಡಿ. ನಮ್ಮ ದುಃಖವನ್ನು ಕೇಳಿ ಅವರು ಬೀಡಿ ಆರಿಸಿದರು.

"ಹವಾ ಕು ರಸ್ತಾ ಹೋನಾ ಅಮ್ಮಾ, ಗಾಳಿಗೆ ದಾರಿ ಬೇಕು. ನೀವು ಕಿಟಕಿ ತೆಗೀತಾ ಇದೀರ, ಅದೂ ಮೆಲ್ಲಗೆ. ಬಾಗ್ಲು ತೆಗೀರಿ."

"ಅಷ್ಟು ಬೇಗ ಹೆಂಗೆ ತೆಗೆಯೋದು ಭಾಯ್?"

"ನೀವು ಯಾಕೆ ತೆಗೀಬೇಕು? ಗಾಳೀನೇ ತೆಗ್ಯುತ್ತೆ."

ಹೊರಗೆ ಒಂದು ಲಾರಿ ನಿಂತಿತ್ತು. ಅದು ಹೊರಡುವಾಗ ಎಲ್ಲ ಲಾರಿಗಳಂತೆ 'ಪುಸ್ಸ್' ಎಂದಿತು. ಖಾದರ್ ಭಾಯ್ ಬೆರಳೆತ್ತಿ, ಕೇಳಿಸಿತೇ ಎಂಬಂತೆ ನಮ್ಮನ್ನು ನೋಡಿದರು. ಆಮೇಲೆ ರಾಶಿಯಿಂದ ಲಾರಿಯ ಬ್ರೇಕಿನ ಒಂದು ಹಳೆಯ ವಾಲ್ವನ್ನು ಎಳೆದು, ಎರಡು ಹೋಳು ಮಾಡಿ, ನಮ್ಮ ಮುಂದಿಟ್ಟರು. ಒಳಗೆ ಒಂದು ರಬ್ಬರಿನ ಬಿಲ್ಲೆ. ಅದರ ಬೆನ್ನ ಹಿಂದೆಯೂ ಗಾಳಿ ತುಂಬಿರುವ ತನಕ ಅದು ದೊಡ್ಡ ದಾರಿಗೆ ಅಡ್ಡವಾಗಿ ಒತ್ತಿ ಕೂತಿರುತ್ತದೆ. ಬೆನ್ನ ಹಿಂದಿನ ಗಾಳಿ, ಅಂದರೆ ಒಂದು ಹಿಡಿ ಗಾಳಿ, ಅದನ್ನಷ್ಟೇ ಬಿಟ್ಟರೆ ಸಾಕು. ಆಸರೆ ತಪ್ಪಿದ ಬಿಲ್ಲೆ ಹಿಂದಕ್ಕೆ ಜಿಗಿಯುತ್ತದೆ, ಬಾಗಿಲು ಪೂರ್ತಿ ತೆರೆದುಕೊಳ್ಳುತ್ತದೆ, ಒಳಗಿನ ಗಾಳಿಯೆಲ್ಲ ಒಟ್ಟಿಗೇ ನುಗ್ಗುತ್ತದೆ. ಡಿಪ್ಲೊಮಾದ ಎರಡನೆಯ ವರ್ಷ ಓದುತ್ತಿದ್ದ ನಾವು ಬಾಯಿ ತೆರೆದುಕೊಂಡು ಕೂತೆವು. ಅಂದಿನಿಂದ ನನಗೆ ಕೆ.ಆರ್. ಪುರದ ಸಿಗ್ನಲ್ಲಿನಲ್ಲಿ ಎಷ್ಟು ಹೊತ್ತು ನಿಂತರೂ ಬೇಸರವಾಗಿಲ್ಲ. ಲಾರಿಗಳು ಒಂದೊಂದಾಗಿ 'ಪುಸ್ಸ್' ಎನ್ನುವಾಗ ಪಕ್ಕದ ಸ್ಕೂಟರಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ಮಾತ್ರ ಸಂತೋಷದಿಂದ ತಲೆದೂಗುತ್ತೇನೆ.

ಆ ಹಳೆಯ ವಾಲ್ವಿನ ರಬ್ಬರು ಹರಿದಿತ್ತು. ಹಾಗಾಗಿ ನಮ್ಮದನ್ನು ನಾವೇ ಮಾಡಬೇಕಾಯಿತು. ಕಾಲೇಜಿನ ಲೇತಿನಲ್ಲಿ, ಮೇಷ್ಟ್ರು ಊಟಕ್ಕೆ ಹೋದ ಹೊತ್ತಿನಲ್ಲಿ, ಅಲ್ಯೂಮಿನಿಯಮ್ಮಿನ ಒಂದು ಬಿರಡೆ ಕಡೆದೆವು. ಅದು ವಾಲ್ವಿನ ಕೊಳವೆಯೊಳಗೆ ಹಿಂದೆ ಮುಂದೆ ಜಾರಬೇಕು, ಆದರೆ ಪಕ್ಕದಿಂದ ಗಾಳಿ ಸೋರಬಾರದು. ಅದಕ್ಕೆ ಸುತ್ತ ಒಂದು ಮೆತ್ತನೆಯ ಅಂಚು ಬೇಕು. ಹವಾಯಿ ಚಪ್ಪಲಿಯ ರಬ್ಬರು ಕತ್ತರಿಸಿ ನೋಡಿದೆವು, ಸಿಕ್ಕಿಹಾಕಿಕೊಂಡಿತು. ರೆಕ್ಸಿನ್ ನೋಡಿದೆವು, ಮಡಚಿಕೊಂಡಿತು. ಹೇಳಿ ಮಾಡಿಸಿದಂತಿದ್ದದ್ದು ಪಂಪಿನ ಚರ್ಮದ ವಾಷರು. ಸೆಲ್ವಿಯ ಮನೆಯ ಪಂಪಿನದನ್ನು ತೆಗೆದರೆ ಟ್ಯಾಂಕಿಗೆ ಗಾಳಿ ಹೊಡೆಯುವುದು ಯಾವುದರಿಂದ? ಉಳಿದದ್ದು ನಮ್ಮ ಮನೆಯ ಪಂಪು, ಅಪ್ಪನದು, ಅಂಗಳದ ಗೋಡೆಯ ಮೊಳೆಗೆ ನೇತುಹಾಕಿದ್ದು. ಒಂದು ಮಧ್ಯಾಹ್ನ ಅದರ ಮುಚ್ಚಳ ಬಿಚ್ಚಿ ವಾಷರನ್ನು ತೆಗೆದು, ಮುಚ್ಚಳ ಹಾಕಿ, ಮತ್ತೆ ಮೊಳೆಗೆ ತಗುಲಿಸಿದೆ. ನೋಡಿದವರಿಗೆ ಪಂಪು ಪಂಪಿನ ಹಾಗೇ ಇತ್ತು.

ಅಪ್ಪನ ಸೈಕಲ್ಲಿನ ಹಿಂದಿನ ಚಕ್ರಕ್ಕೆ ದಿನಾ ಬೆಳಿಗ್ಗೆ ಗಾಳಿ ಹೊಡೆಯಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು. ಅವರ ಮೊದಲ ಪಾಳಿ ಶುರುವಾಗುವುದು ಸೈಕಲ್ ಅಂಗಡಿಗಳು ತೆರೆಯುವ ಮುಂಚೆ ಎಂಬುದೂ ಗೊತ್ತಿತ್ತು. ಆದರೆ ವಾಲ್ವು ತಲೆಗೆ ಹೊಕ್ಕ ಹುಡುಗಿಗೆ ಎರಡು ಗೊತ್ತಿರುವ ವಿಷಯಗಳನ್ನು ಕೂಡಿಸುವಷ್ಟು ಪುರುಸೊತ್ತು ಎಲ್ಲಿ? ಮರುದಿನದಿಂದ ಅಪ್ಪ ಕಾರ್ಖಾನೆಗೆ ನಡೆದೇ ಹೊರಟರು. "ನಡದ್ರ ಮೈಗೆ ಚಲೋ," ಎಂದು ಅವ್ವನಿಗೆ ಹೇಳಿದ್ದು ಕೇಳಿಸಿತು. ಈ ವಯಸ್ಸಿನಲ್ಲಿ ಅಪ್ಪನಿಗೆ ಆರೋಗ್ಯದ ಕಾಳಜಿ ಬಂದದ್ದನ್ನು ನಾನು ಮನಸಾರೆ ಮೆಚ್ಚಿಕೊಂಡೆ.

ಆ ವಾರದ ಸುಖವನ್ನು ಹೇಗೆ ಹೇಳಲಿ? ವಾಷರು ಜೋಡಿಸಿ, ಬಿರಡೆಯ ಬೆನ್ನ ಹಿಂದಿನ ಗಾಳಿ ಬಿಡಲೆಂದು ಇಟ್ಟಿದ್ದ ಸಣ್ಣ ನಲ್ಲಿಯನ್ನು ಮೊದಲ ಸಲ ಬೆರಳಿನಲ್ಲಿ ಮುಟ್ಟಿದಾಗ 'ಢಬ್' ಎಂದ ಸದ್ದು ಎದೆಯಲ್ಲೇ ಆದಂತಿತ್ತು. ಚುರುಮುರಿ ತೆಂಗಿನ ಮರದೆತ್ತರಕ್ಕೆ ಹೋಗಿ, ಬಿಚ್ಚಿ ಹರಡಿ, ಬಿಸಿಲಿನಲ್ಲಿ ಹೊಳೆಯುತ್ತ, ಅವಸರವೇ ಇಲ್ಲದೆ ಇಳಿಯಿತು. ಪಾಟಿ ಕೈಮುಗಿದಳು. ಹಲಸೂರಿನ ಕಾಗೆಗಳಿಗೆ ನಮ್ಮ ವೇಳಾಪಟ್ಟಿ ಬಾಯಿಪಾಠವಾಯಿತು. ನಾಲ್ಕೂವರೆಗೆ ಸರಿಯಾಗಿ ಬಂದು ಸಾಲಾಗಿ ಕೂರುತ್ತಿದ್ದವು. ಸೆಲ್ವಿ ಒಂದೊಂದು ಹೊಡೆತಕ್ಕೂ "ಸೂಪರ್ ಮಗಾ" ಎಂದು ನನ್ನ ಬೆನ್ನಿಗೆ ಗುದ್ದುತ್ತಿದ್ದಳು. ನನ್ನ ಬೆನ್ನಿಗೆ ವಾಲ್ವಿಗಿಂತ ಜಾಸ್ತಿ ಒತ್ತಡ ಬಿತ್ತು.

ನವೆಂಬರ್ ಒಂದು ಬಂತು. ಟ್ಯಾಂಕನ್ನು ಆಟೋದಲ್ಲಿ ತಂದು, ದಿನಸಿ ಅಂಗಡಿಯವರಿಗೆ "ಅಲಂಕಾರ ಅಂಕಲ್" ಎಂದು ಹೇಳಿ ತಾರಸಿಗೆ ಸಾಗಿಸಿದೆವು. ಸೆಲ್ವಿ ಬೆಳಿಗ್ಗೆಯೇ ಶಿವಾಜಿನಗರಕ್ಕೆ ಹೋಗಿ ಎರಡು ಚೀಲ ಸೇವಂತಿಗೆ, ಚೆಂಡುಹೂವು ತಂದಿದ್ದಳು. ಬಿಡಿಸಿ, ದಳವೆಲ್ಲ ಕೊಳವೆಗೆ ತುಂಬಿ, ಬಾಯಿಯನ್ನು ಕಂಬದ ತುದಿಗಿಂತ ಮೇಲಕ್ಕೆ ಗುರಿ ಮಾಡಿದೆವು. ಕೆಳಗೆ ಕುರ್ಚಿಗಳು ತುಂಬಿದ್ದವು. ಭುವನೇಶ್ವರಿಯ ಪಟಕ್ಕೆ ಹಾರ ಬಿದ್ದಿತ್ತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಂಬದ ಪಕ್ಕ ನೆಟ್ಟಗೆ ನಿಂತಿದ್ದರು. ಅವ್ವ ಹಿಂದಿನ ಸಾಲಿನಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಗೋಡೆಗೆ ಒರಗಿಸಿ ಏಣಿಯನ್ನೂ ತಂದಿಟ್ಟಿದ್ದರು. ಅದನ್ನು ಕಂಡು ನನಗೆ ಸಿಟ್ಟು ಬಂತು.

ಅತಿಥಿಗಳು ಹಗ್ಗ ಹಿಡಿದರು. ಅಪ್ಪ ಜಗ್ಗಿದರು. ಪೊಟ್ಟಣ ಅಲುಗಿತು, ಬಿಚ್ಚಲಿಲ್ಲ. ಇನ್ನೊಮ್ಮೆ ಜಗ್ಗಿದರು. ಯಾರೋ ಕೆಮ್ಮಿದರು, ಯಾರೋ ಸಣ್ಣಗೆ ನಕ್ಕರು. ಅಧ್ಯಕ್ಷರು ಏಣಿಯ ಕಡೆ ತಿರುಗಿದರು.

"ಬಿಡೇ ಈಗ," ಎಂದಳು ಸೆಲ್ವಿ.

ನಾನು ನಲ್ಲಿ ಮುಟ್ಟಿದೆ.

ಇಲ್ಲಿ ನೀವು ನೆನಪಿಟ್ಟುಕೊಂಡ ವಾಕ್ಯವನ್ನು ಹೊರಗೆ ತೆಗೆಯಬೇಕು. ಚುರುಮುರಿ ಒಣ ಪದಾರ್ಥ. ಮಾರ್ಕೆಟ್ಟಿನ ಹೂವಿಗೆ ಮಾರುವವರು ಬಾಡದಿರಲೆಂದು ಹತ್ತು ನಿಮಿಷಕ್ಕೊಮ್ಮೆ ನೀರು ಚಿಮುಕಿಸುತ್ತಾರೆ. ಆ ಒದ್ದೆ ದಳಗಳನ್ನು ನಾವು ಇನ್ನಷ್ಟು ಹಿಡಿಯಲಿ ಎಂದು ಕೋಲಿನಿಂದ ಗಿಡಿದಿದ್ದೆವು. 'ಢಬ್' ಎಂದಾಗ ಕೊಳವೆಯಿಂದ ಹೊರಟದ್ದು ಹೂಮಳೆಯಲ್ಲ, ತೆಂಗಿನಕಾಯಿ ಗಾತ್ರದ ಹಳದಿ ಉಂಡೆ. ಚುರುಮುರಿಗಿಂತ ಭಾರ, ಹಾಗಾಗಿ ಗುರಿಯಷ್ಟು ಎತ್ತರಕ್ಕೆ ಹೋಗಲಿಲ್ಲ. ಅದು ನೇರವಾಗಿ ಹೋಗಿ ಬಾವುಟದ ಪೊಟ್ಟಣಕ್ಕೆ ಬಡಿಯಿತು.

ಒಂದು ಗಳಿಗೆ ಏನೂ ಆಗಲಿಲ್ಲ. ಅಪ್ಪ ಇನ್ನೂ ಹಗ್ಗ ಜಗ್ಗುತ್ತಲೇ ಇದ್ದರು. ಆಮೇಲೆ ಉಂಡೆಯೂ ಒಡೆಯಿತು, ಪೊಟ್ಟಣವೂ ಒಡೆಯಿತು. ಅಪ್ಪ ತುಂಬಿದ್ದ ದಳ, ನಾವು ತುಂಬಿದ್ದ ದಳ, ಎರಡೂ ಬೆರೆತು ಸುರಿದವು. ಅತಿಥಿಗಳ ತಲೆ, ಅಧ್ಯಕ್ಷರ ಕನ್ನಡಕ, ಮೈಕು, ಏಣಿ, ಎಲ್ಲ ಹಳದಿಯಾಯಿತು. ಮೇಲೆ ಬಾವುಟ ಒಮ್ಮೆ ಕೊಡವಿಕೊಂಡು ಅರಳಿತು. ನಾಲ್ಕು ವರ್ಷದ ಚಪ್ಪಾಳೆ ಒಂದೇ ಸಲ ಬಿತ್ತು. ಸದ್ದನ್ನು ಎಲ್ಲರೂ ಪಟಾಕಿ ಎಂದುಕೊಂಡರು. ಅಧ್ಯಕ್ಷರು ಅಪ್ಪನ ಕೈ ಹಿಡಿದು ಕುಲುಕುತ್ತ, "ಈ ಹಗ್ಗ ಇನ್ನು ನಿಮ್ದೇ ರೀ, ಯಾವಾಗ್ಲೂ ನಿಮ್ದೇ," ಎನ್ನುತ್ತಿದ್ದರು. ತಾರಸಿಯ ಮೇಲೆ ನಾನೂ ಸೆಲ್ವಿಯೂ ಟ್ಯಾಂಕನ್ನು ತಬ್ಬಿಕೊಂಡು ಕುಣಿದೆವು. ಅಪ್ಪ ಮಾತ್ರ ಕೈ ಕುಲುಕಿಸಿಕೊಳ್ಳುತ್ತಲೇ ಕತ್ತೆತ್ತಿ ಮೊದಲು ಬಾವುಟವನ್ನು, ಆಮೇಲೆ ನಿಧಾನವಾಗಿ ನಮ್ಮ ತಾರಸಿಯನ್ನು ನೋಡಿದರು. ನಾವು ಕೂತುಬಿಟ್ಟೆವು.

ಮಧ್ಯಾಹ್ನ ಊಟಕ್ಕೆ ಹೋಳಿಗೆ. ಅಪ್ಪ ಉಂಡು ಎದ್ದು ಅಂಗಳಕ್ಕೆ ಹೋಗಿ, ಮೊಳೆಯಿಂದ ಪಂಪು ತೆಗೆದುಕೊಂಡು ಬಂದು ನನ್ನ ಮುಂದಿಟ್ಟರು.

"ವಾಷರ್ ಎಲ್ಲೈತಿ?"

ಬಾಯಲ್ಲಿ ಹೋಳಿಗೆ ಇತ್ತು. ವಾಲ್ವಿನಿಂದ ಬಿಚ್ಚಿ ತಂದಿದ್ದನ್ನು ಚೀಲದಿಂದ ತೆಗೆದುಕೊಟ್ಟೆ.

"ಎಂಟು ದಿನ ನಡದೀನಿ," ಎಂದರು. "ಮುಚ್ಚಳ ಓರೆ ಕೂಡಿಸಿದ್ದಿ. ಮೊದಲನೇ ದಿನಾನ ಗೊತ್ತಾತು. ಡಿಪ್ಲೊಮಾ ಓದೋ ಹುಡುಗಿ ಮುಚ್ಚಳರ ನೆಟ್ಟಗ ಕೂಡಿಸಬೇಕೋ ಬ್ಯಾಡೋ?"

"ಮತ್ತ ಕೇಳಲಿಲ್ಲ ಯಾಕ?"

"ಏನೋ ಮಾಡಾಕ ಹತ್ತಿದ್ದಿ. ಮುಗೀಲಿ ಅಂದೆ."

ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಎಂಟು ಬೆಳಿಗ್ಗೆ ಅವರು ಸೈಕಲ್ಲಿನ ಪಕ್ಕ ಹಾದು, ಬುತ್ತಿ ಹಿಡಿದು, ಗೇಟು ಸದ್ದಾಗದಂತೆ ಹಾಕಿಕೊಂಡು ಹೋದದ್ದೆಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಏನಾದರೂ ಒಳ್ಳೆಯ ಮಾತು ಹೇಳಬೇಕೆನಿಸಿ, "ಆದ್ರ ಅಪ್ಪಾ, ಬಾವುಟ ನಮ್ಮಿಂದ ಬಿಚ್ಚಿದ್ದಲ್ಲ. ನಮ್ಮ ಉಂಡಿ ಸುಮ್ಮನ ತಾಗಿತು ಅಷ್ಟ. ನೀ ಜಗ್ಗಿದ್ದಕ್ಕ ಗಂಟು ಬಿಚ್ಚಿತು," ಎಂದೆ.

ಅಪ್ಪನ ಮುಖ ಗಂಟಾಯಿತು. ಮೂರು ವರ್ಷ ಜನ ನಕ್ಕಾಗಲೂ ಅವರಿಗೆ ಇಷ್ಟು ಅವಮಾನವಾದಂತೆ ಕಂಡಿರಲಿಲ್ಲ.

"ಹುಚ್ಚಿ," ಎಂದರು. "ಬಿಚ್ಚಿಲ್ಲ ಅದು. ಬಟ್ಟಿ ಹರದು ಜಾರೇತಿ. ಗಂಟು ಇನ್ನೂ ಹಂಗ ಐತಿ ಮ್ಯಾಲ, ಬೇಕಾದ್ರ ಏಣಿ ಹತ್ತಿ ನೋಡಿ ಬಾ. ನಾ ಕಟ್ಟಿದ್ದು ಬಿಚ್ಚಂಗಿಲ್ಲ."

ಆಮೇಲೆ ವಾಷರನ್ನು ಬೆಳಕಿಗೆ ಹಿಡಿದು, ಅಂಚಿನ ಸುತ್ತ ಹೆಬ್ಬೆರಳು ಆಡಿಸಿ, ಅದನ್ನು ಪಂಪಿಗೆ ಹಾಕದೆ ನನ್ನ ಅಂಗೈಯಲ್ಲಿ ಇಟ್ಟರು. ಪಂಪಿಗೆ ಬೇರೆ ತಂದರಾಯಿತಂತೆ. ಮರುದಿನವೂ, ಒಂಬತ್ತನೆಯ ಬೆಳಿಗ್ಗೆ, ಅವರು ನಡೆದೇ ಹೋದರು.

"ಇಟ್ಕೊ. ವರ್ಷಕ್ಕೊಮ್ಮೆ ಎಣ್ಣಿ ಹಚ್ಚು. ಒಣಗಿದ್ರ ಗಾಳಿ ಹಿಡಿಯಂಗಿಲ್ಲ," ಎಂದಿದ್ದರು.

ಹಚ್ಚುತ್ತಿದ್ದೇನೆ. ಇನ್ನೂ ಮೆತ್ತಗೇ ಇದೆ.